ಶೆಟರಿನ ಮ್ಯಾಲಿನ ಕೆರಿಗಳು

ರಾತ್ರಿ ಒಂಬತ್ತಕ್ಕ ಒಳಗಿಂದ ಶೆಟರ್ ಎಳಕೊಂಡು
ಚಾಕ್‌ಪೀಸು ಹಿಡದು ನಿಂತೆ ನಾನು.
ಶಹಾಬಾದ್ ರೋಡಿನ ನನ್ನ ಪಂಚರ್ ಅಂಗಡ್ಯಾಗ
ಐದು ಮಂದಿ, ನಾಕು ಸ್ಟೂಲು, ಒಂದು ಟ್ರ್ಯಾಕ್ಟರ್ ಟೈರು.
ಟೈರಿನ ಮ್ಯಾಲ ಜಾಫರಸಾಬ.
ಸ್ಟೂಲಿಗಿಂತ ಅದು ಮೆತ್ತಗದ ಅಂತ
ಹೇಳಿದವರು ನಾವೇ.

ಬರೋ ಐತಾರ ಎಲ್ಲಿ ಗಾಳ ಹಾಕೋದು?
ಮಳಿ ಸರದ ಮ್ಯಾಲ ವರ್ಷಕ್ಕೊಮ್ಮೆ ಹೋಗೋರು ನಾವು.
ಹೋದ ವರ್ಷ ಹೋಗಿದ್ದಿಲ್ಲ.
ಯಾಕಂತ ಯಾರೂ ಬಾಯಿ ಬಿಡಲಿಲ್ಲ.

"ಕಾರಂಜಾ" ಅಂದ ಸೈಬಣ್ಣ.
"ಕಟ್ಲಾ ಒಂದೊಂದು ಕುರಿಮರಿ ಗಾತ್ರ ಅವ."
ಬರದೆ, ಶೆಟರಿನ ತುದೀಗೆ, ದೊಡ್ಡ ಅಕ್ಷರದಾಗ.
ಮಾಣಿಕ ಅಂದ: "ಬ್ಯಾಡ, ದಂಡೀ ಮ್ಯಾಲ ಕೆಸರು,
ಮೊಣಕಾಲಿನ ಮಟ..."
ಮೊಣಕಾಲು ಅಂದವನೇ ನಾಲಿಗಿ ಕಚ್ಚಿಕೊಂಡ,
ಗ್ಲಾಸಿನ್ಯಾಗ ಇಲ್ಲದ ಚಹಾ ಕುಡದ.

"ಬೆಣ್ಣೆತೊರಾಕ್ಕ ನಡೀರಿ" ಅಂದ ಗುಂಡೇರಾವ.
ಹತ್ತು ವರ್ಷ ಅದಕ್ಕ ಬಕೀಟು ಅಂತ ಹೆಸರಿಟ್ಟವ,
"ಅಲ್ಲಿ ಹಿಡದ ಮೀನು ಹಲ್ಲಿನ ಸಂದ್ಯಾಗ ಕಳೀತದ" ಅಂದವ,
ಇವತ್ತು ಹೊಗಳಿದ್ದೇ ಹೊಗಳಿದ್ದು:
ನೀರಿನ ತನಕ ಜೀಪು ಹೋಗ್ತದಂತ,
ಬಂಡಿ ನೆಲ ಅದಂತ, ಜಾರಂಗಿಲ್ಲಂತ,
ನೆಳ್ಳು ಸುದ್ದ ಅದಂತ.

ಹತ್ತಿಕುಣಿ ಮಾತು ಬಂತು.
"ಕಟ್ಟಿಯಿಂದ ನೀರಿಗೆ ಮೂವತ್ತಾರು ಹೆಜ್ಜಿ"
ಅಂದುಬಿಟ್ಟ ಮಾಣಿಕ.
ಕೆರಿ ಹೆಜ್ಜಿ ಎಣಿಸೋರು ಯಾರಪ್ಪ?
ಹ್ವಾದ ವಾರ ಯಾದಗಿರಿಗೆ ಸಡ್ಡಕನ ಮನಿಗೆ ಅಂತ
ಗಾಡಿ ಟ್ಯೂಬಿಗೆ ಗಾಳಿ ತುಂಬಿಸ್ಕೊಂಡು ಹೋಗಿದ್ದ.
ಈಗ ತಿಳೀತು.

ಜಾಫರಸಾಬ ಮಾತಾಡಲಿಲ್ಲ.
ತೊಡಿ ಮ್ಯಾಲ ಡಬ್ಬಿ ಇಟಗೊಂಡು
ಎಲ್ಲರ ಗಾಳಕ್ಕೂ ದಾರ ಕಟ್ಟತಿದ್ದ,
ಐದು ಸುತ್ತು, ಒಮ್ಮೆ ಉಗುಳು, ಒಮ್ಮೆ ಜಗ್ಗು.
ಅವನ ಗಂಟು ಬಿಚ್ಚೋ ಮೀನು ಇನ್ನ ಹುಟ್ಟಿಲ್ಲ.
ಎಡಗಡೆ ಪೈಜಾಮ ಮಡಚಿ
ಪಿನ್ನು ಹಚ್ಚಿದ್ದಳು ಮಗಳು,
ಭಾಳ ಜ್ವಾಕ್ಯಾಗಿ.

ಕಡೀಕ ಡಬ್ಬಿ ಮುಚ್ಚಿದ.
"ಎರಡು ತಾಸಾತು ಕೆರಿ ಮಾತಾಡಾಕತ್ತೀರಿ,
ಒಬ್ಬರ ಬಾಯಾಗೂ ಮೀನಿಲ್ಲ.
ಹಾದಿ, ನೆಳ್ಳು, ಬಂಡಿ, ಮೂವತ್ತಾರು...
ಗಾಳ ಹಾಕ್ತೀರೋ
ಮನಿ ಕಟ್ಟಿಸಾಕ ಜಾಗ ನೋಡ್ತೀರೋ?
ಕೊರಮೀನು ಎಲ್ಲಿ ಅದ? ಅದು ಹೇಳ್ರಿ."

ಸುಮ್ಮನಾದ್ವಿ.
ರೋಡಿನ್ಯಾಗ ಲಾರಿಯೊಂದು ಹೋಗಿ
ಪೂರಾ ಶೆಟರು ನಡುಗಿತು, ಕೆರಿಗಳ ಸಮೇತ.

"ಚಂದ್ರಂಪಳ್ಳಿ" ಅಂದೆ ನಾನು, ಸಣ್ಣ ದನೀಲೆ.
ಕಾಡು. ಕಲ್ಲು. ಜೀಪು ನಿಂತ ಮ್ಯಾಲ
ಮುಳ್ಳಾಗ ಇಳಕಲು, ಹಾದಿ ಅನ್ನೋ ಹಂಗೂ ಇಲ್ಲ.
"ಬರಿ" ಅಂದ.
ಜಾಗ ಉಳದಿದ್ದಿಲ್ಲ, ನೆಲಕ್ಕ ಕೂತು
ಶೆಟರಿನ ತಳದ ಪಟ್ಟಿ ಮ್ಯಾಲ ಬರದೆ.
"ಹೆಂಗ ಇಳೀತಿ ಮಾಮಾ?"
ಹನ್ನೊಂದು ತಿಂಗಳಾದ ಮ್ಯಾಲ
ಮೊದಲನೇ ಸಲ ಕೇಳಿದ್ದು.

"ನಾಕು ಮಂದಿ ಇದ್ದೀರಲ್ಲ, ಹೊರ್ರಿ.
ಒಂದು ಕಾಲು ದವಾಖಾನ್ಯಾಗ ಬಿಟ್ಟು ಬಂದೀನಿ,
ಮೊದಲಿನಷ್ಟು ಭಾರಿಲ್ಲ."

ನಕ್ಕವ ಮೊದಲು ಸೈಬಣ್ಣ. ಆಮ್ಯಾಗ ಮೂಗು ಒರಸಿಕೊಂಡ.
ಆಮ್ಯಾಗ ಜಗಳ ಶುರುವಾತು, ಹಳೀ ಜಗಳ, ಖರೇ ಜಗಳ:
ಎರಿಗೆ ಶೇಂಗಾ ಹಿಂಡಿಯೋ, ಮೈದಾಕ್ಕ ಅಜವಾನ ಹಾಕೋದೋ,
ಹುಳ ತರೋದು ಯಾರ ಪಾಳಿ,
ಮುಂದಿನ ಸೀಟು ಯಾರದು,
ಆ ವರ್ಷ ಎಲ್ಲಾ ಭಜಿ ಒಬ್ಬನೇ ತಿಂದವ ಯಾವ ಮಗ.
ಹೊರೋದರಾಗ ತಲಿ ಕಡೆ ಯಾರು, ಕಾಲ ಕಡೆ ಯಾರು
ಅಂತ ಗುಂಡೇರಾವ ಕೇಳಿದ್ದಕ್ಕ
"ಕಾಲ ಕಡೆ ಅರ್ಧ ಪಗಾರ" ಅಂದ ಜಾಫರಸಾಬ.

ಬೆಳಿಗ್ಗೆ ಶೆಟರ್ ಎತ್ತಿದೆ.
ಕಾರಂಜಾ ಸುತಗೊಂಡು ಮ್ಯಾಲ ಹೋತು,
ಬೆಣ್ಣೆತೊರಾ ಹೋತು, ಹತ್ತಿಕುಣಿ
ಮೂವತ್ತಾರು ಹೆಜ್ಜಿ ಹಾಕ್ಕೊಂಡು ಹೋತು.
ತಳದ ಪಟ್ಟಿ ಮಾತ್ರ ಸುತ್ತಿನಾಗ ಹೋಗದೆ
ಬಾಗಲದ ನೆತ್ತಿ ಮ್ಯಾಲ ನಿಂತದ ಒಂದ ಹೆಸರು.

ಸೈಕಲ್ ತಂದ ಹುಡುಗ ತಲಿ ಎತ್ತಿ ಕೇಳಿದ:
"ಇದೇನ್ರೀ, ಬಾಕಿ ಬರದೀರೇನು?"
ಹೌದಪ್ಪ ಅಂದೆ,
ಹ್ವಾದ ವರ್ಷದ್ದು.